ಹೂವಿನ ಮನೆಗೆ ಬಂದ ಶಾರ್ಡೊನೆ

ತಂಗಿ ತಂದ ಅರ್ಧ ಬಾಟಲಿ ವೈನನ್ನು ನಾನು ಮಲ್ಲಿಗೆ ಮೊಗ್ಗಿನ ಪೆಟ್ಟಿಗೆಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಫ್ರಿಜ್ ಇದೆ. ಆದರೆ ಅದರ ಬಾಗಿಲು ತೆರೆದರೆ ಮೊದಲು ಕಾಣುವುದು ಅಮ್ಮನ ಮೊಸರಿನ ಪಾತ್ರೆ. ಅದರ ಪಕ್ಕದಲ್ಲಿ ಹೆಂಡದ ಬಾಟಲಿ ನಿಲ್ಲಿಸುವ ಧೈರ್ಯ ನನಗೂ ಇರಲಿಲ್ಲ, ತಂಗಿಗೂ ಇರಲಿಲ್ಲ. ಹೂವಿನ ಪೆಟ್ಟಿಗೆ ಥರ್ಮೊಕೋಲಿನದು. ಅಡಿಯಲ್ಲಿ ಐಸು, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಮೊಗ್ಗು. ಬಾಟಲಿಯನ್ನು ಐಸಿನಲ್ಲಿ ಕತ್ತಿನವರೆಗೆ ಹೂತು ಮೇಲೆ ಬಟ್ಟೆ ಎಳೆದೆ. ಬಿಳಿ ವೈನು ತಣ್ಣಗಿರಬೇಕು ಎಂದು ಅವಳು ಹೇಳಿದ್ದಳು. ತಣ್ಣಗೆ ಎಂದರೆ ಹೂವಿನವರಿಗೆ ತಿಳಿಯುವುದು ಒಂದೇ, ಬೆರಳು ಮರಗಟ್ಟುವಷ್ಟು.

ನಾವು ಮರ್ಫಿ ಟೌನಿನವರು. ಅಮ್ಮ ಹಲಸೂರು ಬಜಾರಿನಲ್ಲಿ ಹೂವು ಕಟ್ಟಿ ಮಾರುತ್ತಿದ್ದಳು. ಈಗ ಆ ಜಾಗದಲ್ಲಿ ನಾನು ಕೂರುತ್ತೇನೆ, ಅಮ್ಮ ಮನೆಯಲ್ಲೇ ಕೂತು ದೇವಸ್ಥಾನದ ಹಾರಗಳನ್ನು ಕಟ್ಟುತ್ತಾಳೆ. ಏಳನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ತಂಗಿ ಪಿಯುಸಿ ಮುಗಿಸಿದಳು. ಇಂದಿರಾನಗರದ ಒಂದು ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸಕ್ಕೆ ಸೇರಿ, ನಿಧಾನವಾಗಿ ಗಿರಾಕಿಗಳ ಟೇಬಲ್ ನೋಡಿಕೊಳ್ಳುವ ಮಟ್ಟಕ್ಕೆ ಬಂದಿದ್ದಳು. ಆ ವರ್ಷ ಹೋಟೆಲಿನವರಿಗೆ ವೈನು ನೋಡಿಕೊಳ್ಳಲೆಂದೇ ಒಬ್ಬರು ಬೇಕಾದರು. ಯಾವ ಊಟಕ್ಕೆ ಯಾವ ವೈನು, ಅದರಲ್ಲಿ ಏನು ರುಚಿ, ಏನು ವಾಸನೆ ಎಂದು ಗಿರಾಕಿಗಳಿಗೆ ಹೇಳುವ ಕೆಲಸ. ತಂಗಿ ಕೈ ಎತ್ತಿದಳು. ಸೋಮವಾರ ಹೊರಗಿನಿಂದ ವೈನಿನ ಮೇಷ್ಟ್ರೊಬ್ಬರು ಬಂದು ಅವಳನ್ನು ಪರೀಕ್ಷೆ ಮಾಡುವುದು, ಪಾಸಾದರೆ ಕೆಲಸ ಅವಳದು, ಇಲ್ಲದಿದ್ದರೆ ಮುಂಬೈಯಿಂದ ಯಾರನ್ನೋ ಕರೆಸುವುದು ಎಂದು ತೀರ್ಮಾನವಾಗಿತ್ತು. ಪರೀಕ್ಷೆಗೆ ಇಡುವುದು ಓಕ್ ಎಂಬ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇದ್ದ ಬಿಳಿ ವೈನು, ಶಾರ್ಡೊನೆ. ಅಭ್ಯಾಸ ಮಾಡಿಕೋ ಎಂದು ಮ್ಯಾನೇಜರು ಅರ್ಧ ಬಾಟಲಿ ಕೊಟ್ಟು ಕಳಿಸಿದ್ದರು. ಜೊತೆಗೆ ಒಂದು ಮಾತನ್ನೂ ಹೇಳಿದ್ದರು.

"ನೀವು ಬಾಯಿಪಾಠ ಒಪ್ಪಿಸ್ತಿದ್ದೀರಾ. ಮೂಸ್ತಾನೇ ಇಲ್ಲ."

ಅದನ್ನು ನನಗೆ ಹೇಳುವಾಗ ತಂಗಿ ನಕ್ಕಳು. ನಾನು ನಗಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ವ್ಯಾಪಾರ ಮುಗಿಸಿ ಬಂದಾಗ ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಸಂಜೆಯ ಹಾರಕ್ಕೆ ಮೊಗ್ಗು ತೆಗೆಯಲು ಪೆಟ್ಟಿಗೆಗೆ ಕೈ ಹಾಕಿದ್ದಾಳೆ, ಕೈಗೆ ಬಾಟಲಿ ಸಿಕ್ಕಿದೆ. ಅದನ್ನು ಮುಂದೆ ನಿಲ್ಲಿಸಿಕೊಂಡು ನಮ್ಮಿಬ್ಬರಿಗೂ ಕಾಯುತ್ತಿದ್ದಳು.

"ಇದು ಯಾವ ದೇವ್ರಿಗೆ?"

"ಅಮ್ಮ, ಅದು ಕುಡಿಯೋಕಲ್ಲ," ಎಂದಳು ತಂಗಿ. "ಪರೀಕ್ಷೆಗೆ. ಮೂಸ್ಬೇಕು, ಬಾಯಿಗೆ ಹಾಕ್ಬೇಕು, ಏನೇನಿದೆ ಅಂತ ಹೇಳ್ಬೇಕು. ಆಮೇಲೆ ಬೇಕಾದ್ರೆ ಉಗುಳ್ಬೋದು."

"ಉಗುಳೋದಾದ್ರೆ ಬಾಯಿಗ್ಯಾಕೆ ಹಾಕ್ತೀರಾ?"

"ದೊಡ್ಡೋರೆಲ್ಲ ಹಂಗೇ ಮಾಡೋದಮ್ಮ."

"ದೊಡ್ಡೋರಿಗೆ ಬಚ್ಚಲು ತೊಳೆಯೋಕೆ ಆಳಿರ್ತಾರೆ." ಅಮ್ಮ ಎದ್ದು ಹೋಗಿ ಹಳೆಯ ಸ್ಟೀಲ್ ಬೇಸಿನ್ ತಂದು ತಂಗಿಯ ಮುಂದೆ ಇಟ್ಟಳು. "ಇದರೊಳಗೆ ಉಗುಳು. ಒಂದು ಹನಿ ಆಚೆ ಬಿದ್ರೂ ನೀನೇ ಒರೆಸ್ಬೇಕು. ಪೆಟ್ಟಿಗೇಲಿ ಇಟ್ಟವಳು ಯಾರು?"

"ಅಕ್ಕ," ಎಂದಳು ತಂಗಿ. ಅದು ನಿಜವೇ ಆಗಿತ್ತು.

ಹೋಟೆಲಿನಿಂದ ಟವೆಲಿನಲ್ಲಿ ಸುತ್ತಿ ತಂದಿದ್ದ ಗ್ಲಾಸಿಗೆ ಅವಳು ವೈನು ಸುರಿದಳು. ಹೊಟ್ಟೆ ದಪ್ಪ, ಬಾಯಿ ಕಿರಿದು, ಉದ್ದ ಕಾಲಿನ ಗ್ಲಾಸು. ವೈನು ಬಿದ್ದ ಕೂಡಲೇ ಗಾಜು ಬೆವರಿತು. ಬೆರಳಲ್ಲಿ ಒರೆಸಿ ನೋಡಿದೆ. ಸಂಪಿಗೆಯ ಎಸಳು ಹಸಿರು ಬಿಟ್ಟು ಹಳದಿಗೆ ತಿರುಗುವ ಹೊತ್ತಿನ ಬಣ್ಣ. ಇಷ್ಟು ಚೆಂದದ್ದಕ್ಕೆ ಬಿಳಿ ಎಂದು ಯಾಕೆ ಕರೆಯುತ್ತಾರೋ ತಿಳಿಯಲಿಲ್ಲ.

ತಂಗಿ ಗ್ಲಾಸನ್ನು ತಿರುಗಿಸಿ ಮೂಗಿನ ಕೆಳಗೆ ಹಿಡಿದಳು. "ಬೆಣ್ಣೆ. ವೆನಿಲ್ಲಾ. ಅನಾನಸ್. ಟೋಸ್ಟು. ಸ್ವಲ್ಪ ಮರ," ಎಂದು ಮಗ್ಗಿ ಹೇಳಿದ ಹಾಗೆ ಹೇಳಿದಳು.

ನಾನೂ ಇಸಕೊಂಡು ಮೂಸಿದೆ. ತಣ್ಣನೆಯ ಗಾಳಿ, ಅದರ ಹಿಂದೆ ಎಲ್ಲೋ ಸ್ವಲ್ಪ ನಿಂಬೆ ಸಿಪ್ಪೆ. ಅಷ್ಟೇ.

"ಇದರಲ್ಲಿ ಏನೂ ಇಲ್ವಲ್ಲೇ."

"ಇದೆ. ಹೋಟ್ಲಿನ ಕ್ಲಾಸಲ್ಲಿ ಹೇಳಿದಾರೆ."

ಮತ್ತೆ ಹಿಡಿದಳು, ಮತ್ತೆ ಅದೇ ಐದು ಮಾತು. ಈ ಸಲ ನಾನು ಗ್ಲಾಸು ನೋಡಲಿಲ್ಲ, ಅವಳನ್ನು ನೋಡಿದೆ. ಗಾಜು ಮೂಗಿನ ಹತ್ತಿರ ಬಂದ ಕೂಡಲೇ ಅವಳ ಭುಜ ಬಿಗಿಯಿತು. ಎದೆ ಏಳಲಿಲ್ಲ. ಉಸಿರು ಗಂಟಲಲ್ಲೇ ನಿಂತಿತ್ತು. ಗ್ಲಾಸು ಕೆಳಗಿಳಿದ ಮೇಲೆ ಬಾಯಿಂದ ಗಾಳಿ ಎಳೆದುಕೊಂಡಳು. ಹೂವಿನ ರಾಶಿಯ ಆಚೆ ಬದಿಯಲ್ಲಿ ಆ ಬಿಗಿದ ಭುಜಗಳನ್ನು ನೋಡುತ್ತಲೇ ನಾನು ದೊಡ್ಡವಳಾದೆ.

ದೇವರಿಗೆ ಏರಿಸುವ ಹೂವನ್ನು ಮೂಸಬಾರದು. ಇದು ಎಲ್ಲರ ಮನೆಯಲ್ಲೂ ಇರುವ ಮಾತು. ಆದರೆ ಬೇರೆಯವರ ಮನೆಗೆ ಹೂವು ಬರುವುದು ಒಂದು ಮೊಳ, ಎರಡು ಮೊಳ. ನಮ್ಮಲ್ಲಿ ಬೆಳಗಾದರೆ ಮಲಗುವ ಜಾಗದ ಪಕ್ಕದಲ್ಲೇ ರಾಶಿ ಬೀಳುತ್ತಿತ್ತು. ಮೂಸಿದ ಹೂವು ಎಂಜಲಾದ ಹಾಗೆ, ಅದನ್ನು ದೇವಸ್ಥಾನಕ್ಕೆ ಕೊಟ್ಟರೆ ಪಾಪ, ಗೊತ್ತಾದರೆ ವ್ಯಾಪಾರವೂ ಹೋಯಿತು. ಹಾಗಾಗಿ ಕಟ್ಟುವಾಗ ಮುಖ ಮೇಲಕ್ಕಿರಬೇಕು, ಕಣ್ಣು ಮಾತ್ರ ಕೆಳಗೆ. ತಲೆ ಬಾಗಿದರೆ ಅಮ್ಮನ ಬಾಳೆನಾರಿನ ಕೈ ಕೆನ್ನೆಗೆ ಬರುತ್ತಿತ್ತು.

ನನಗೆ ಅದು ಆಗುತ್ತಿರಲಿಲ್ಲ. ಅಮ್ಮ ನೀರು ಹಿಡಿಯಲು ಹೋದಾಗ ನಾನು ಒದ್ದೆ ಬಟ್ಟೆ ಎತ್ತಿ ಮಲ್ಲಿಗೆಯೊಳಗೆ ಕಿವಿಯವರೆಗೆ ಮುಖ ಇಡುತ್ತಿದ್ದೆ. ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇದೆಯೆಂದು ಆಗ ಗೊತ್ತಿರಲಿಲ್ಲ, ಈಗಲೂ ಖಾತ್ರಿಯಿಲ್ಲ. ಒಂದು ಹಬ್ಬದ ಹಿಂದಿನ ದಿನ, ದೇವಸ್ಥಾನದ ದೊಡ್ಡ ಹಾರಕ್ಕೆ ತಂದ ರಾಶಿಯಲ್ಲಿ ನನ್ನ ಮುಖದ ಗುಂಡಿ ಹಾಗೇ ಉಳಿದುಬಿಟ್ಟಿತು. ಅಮ್ಮ ಕೊಡ ಇಳಿಸಿ ಅದನ್ನು ನೋಡಿದಳು. ಆಮೇಲೆ ನಮ್ಮಿಬ್ಬರನ್ನು ನೋಡಿದಳು.

"ಯಾರು ಮೂಸಿದ್ದು?"

"ಅವಳು," ಎಂದೆ.

ತಂಗಿ ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಅಲ್ಲ ಎನ್ನಲೂ ಅವಳಿಗೆ ತೋಚಲಿಲ್ಲ, ನನ್ನ ಮುಖ ನೋಡಿದಳು. ಆ ರಾಶಿಯನ್ನು ಅಮ್ಮ ದಾರಿಯಲ್ಲಿ ಹೋಗುವವರ ತಲೆಗೆ ಮಾರಿ, ಹೊಸ ಮೊಗ್ಗಿಗೆ ಮತ್ತೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಬೇಕಾಯಿತು. ಮರುದಿನದಿಂದ ಹೂವಿನ ಮುಂದೆ ಕೂರುವಾಗ ತಂಗಿಯ ಮೂಗಿಗೆ ಒಂದು ಒದ್ದೆ ಕರವಸ್ತ್ರ ಬಂತು. ಅಮ್ಮನ ಮಾತಿನ ಮೇಲೆ ಕಟ್ಟುತ್ತಿದ್ದವಳು ನಾನೇ, ಅವಳ ಕೈಗೆ ನಾರು ಮೆತ್ತಿರುತ್ತಿತ್ತು. ಬಟ್ಟೆ ಮೂಗಿಗೆ ಅಂಟಿಕೊಂಡು ಅವಳಿಗೆ ಉಸಿರು ಕಟ್ಟುತ್ತಿತ್ತು, ಬಾಯಿಂದ ಎಳೆದುಕೊಳ್ಳುವುದನ್ನು ಕಲಿತಳು. ಎಷ್ಟೋ ವರ್ಷದ ಮೇಲೆ ಕರವಸ್ತ್ರ ಹೋಯಿತು, ಅಭ್ಯಾಸ ಹೋಗಲಿಲ್ಲ. ಅಡುಗೆ ಸೀದರೆ ಅವಳಿಗೆ ಗೊತ್ತಾಗುತ್ತದೆ. ಆದರೆ ಯಾವುದನ್ನಾದರೂ ಮೂಗಿನ ಹತ್ತಿರ ತಂದರೆ ಉಸಿರು ತಾನಾಗಿ ನಿಲ್ಲುತ್ತದೆ. ಸೋಪು, ಮಾವಿನಹಣ್ಣು, ಹೊಸ ಸೀರೆ, ಯಾವುದಾದರೂ. ಮೂಗಿಲ್ಲದೋಳು ಎಂದು ಅವಳಿಗೆ ಹೆಸರಿಟ್ಟವಳೂ ನಾನೇ. ಅದನ್ನು ಮನೆಯವರೆಲ್ಲ ನಗುತ್ತ ಬಳಸಿದೆವು, ಅವಳೂ ನಂಬಿಬಿಟ್ಟಳು.

ಅಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆ. ಆಮೇಲೆ, ಚಿಕ್ಕಂದಿನ ಮಾತು, ಈಗ ಯಾಕೆ ಎಂಬ ಸೋಮಾರಿತನ. ಅವಳು ವೈನಿನ ಕೆಲಸಕ್ಕೆ ಕೈ ಎತ್ತಿದಾಗಲೂ ಸುಮ್ಮನಿದ್ದೆ. ನನ್ನ ತಪ್ಪುಗಳಲ್ಲಿ ಅದೇ ದೊಡ್ಡದು ಎಂದು ನನಗನ್ನಿಸುತ್ತದೆ. ಮಗುವಾಗಿದ್ದಾಗ ಆಡಿದ ಸುಳ್ಳಿಗೆ ಕ್ಷಮೆ ಇದ್ದರೂ ಇರಬಹುದು. ಸೋಮವಾರ ಹತ್ತಿರ ಬರುತ್ತಿರುವುದನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದಕ್ಕಿಲ್ಲ.

ಭಾನುವಾರದ ಮಧ್ಯಾಹ್ನಕ್ಕೆ ವಾಪಸ್ ಬರುತ್ತೇನೆ. ಬೇಸರವಾಗಿ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೂವರೂ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು. ಕೈ ತೊಳೆದು ಬಂದಾಗ ಗಾಜಿನ ಬೆವರು ಆರಿತ್ತು. ಸುಮ್ಮನೆ ಎತ್ತಿ ಮೂಗಿಗೆ ಹಿಡಿದೆ.

ಬೇರೆಯೇ ವಸ್ತು. ಮೊದಲು ಬಂದದ್ದು ಬೆಣ್ಣೆ ಕಾಯಿಸುವ ವಾಸನೆ, ನೊರೆ ಕೂತು ಇನ್ನೇನು ತುಪ್ಪವಾಗಬೇಕು ಎನ್ನುವ ಹೊತ್ತಿನದು. ಅದರೊಳಗಿಂದ ಹಣ್ಣು, ಕೊಯ್ದಿಟ್ಟ ಅನಾನಸ್ಸಿನ ನಡುವಿನ ದಿಂಡು. ಆಮೇಲೆ ಫ್ರೇಜರ್ ಟೌನಿನ ಬೇಕರಿಗಳ ಮುಂದೆ ಬೆಳಗಿನ ಜಾವ ಹೋದರೆ ಬರುವ, ಬನ್ನಿನ ಬೆನ್ನು ಕೆಂಪಾಗುವ ವಾಸನೆ. ಎಲ್ಲದರ ಕೆಳಗೆ, ಬಡಗಿ ಅಂಗಡಿ ದಾಟುವಾಗ ಗಂಟಲಿಗೆ ತಾಗುವ ಒಣ ಮರ. ಒಂದು ಗುಟುಕು ಬಾಯಿಗೆ ಹಾಕಿದೆ, ಮೊದಲ ಸಲ. ಹುಳಿ ಇತ್ತು, ಆದರೆ ಹುಣಸೆಯ ಹಾಗೆ ಹಲ್ಲು ಜುಮ್ಮೆನ್ನಿಸುವ ಹುಳಿಯಲ್ಲ, ಹಿಂದಿನ ದಿನದ ಮಜ್ಜಿಗೆಯ ಹಾಗೆ ನಾಲಿಗೆ ಮೇಲೆ ಮೆತ್ತಗೆ ಹರಡುವಂಥದ್ದು. ನುಂಗಿದ ಮೇಲೆ ಕೊನೆಗೆ ಹುರಿದ ಕೊಬ್ಬರಿಯಂಥ ಸಣ್ಣ ಕಹಿ ಉಳಿಯಿತು. ಬೇಸಿನ್ನಿನ ನೆನಪೇ ಆಗಲಿಲ್ಲ.

"ಐಸಿನಲ್ಲಿ ಸತ್ತುಹೋಗಿತ್ತು ಕಣೇ," ಎಂದೆ. "ಈಗ ಎದ್ದಿದೆ. ಬಾ, ಮೂಸು."

ಅವಳು ಬಂದು ಹಿಡಿದಳು. ಭುಜ ಬಿಗಿಯಿತು. "ಬೆಣ್ಣೆ, ವೆನಿಲ್ಲಾ..."

"ನೀನು ಉಸಿರೇ ಎಳ್ಕೊಳ್ತಿಲ್ಲ."

"ಎಳ್ಕೊಳ್ತಿದೀನಿ."

"ಇಲ್ಲ."

ಅವಳು ಗ್ಲಾಸು ಕೆಳಗಿಟ್ಟಳು. "ನಂಗೆ ಬರಲ್ಲ ಅಕ್ಕ. ನಂಗೆ ಮೂಗಿಲ್ಲ, ನಿಂಗೇ ಗೊತ್ತಲ್ಲ. ಅದಕ್ಕೇ ಬಾಯಿಪಾಠ ಮಾಡಿದೀನಿ. ನಾಳೆ ಅವ್ರು ಬೇರೆ ಯಾವುದಾದ್ರೂ ಕೇಳಿದ್ರೆ ನನ್ನ ಕಥೆ ಅಷ್ಟೇ. ತಟ್ಟೆ ಎತ್ಕೊಂಡೇ ಇರ್ತೀನಿ ಬಿಡು."

ಆಗ ಹೇಳಿದೆ. ಅಮ್ಮನ ಎದುರಿಗೇ ಹೇಳಿದೆ. ಅವತ್ತು ಹೂವು ಮೂಸಿದ್ದು ನಾನು, ಮೂಸಿದ್ದು ಅದೊಂದೇ ದಿನವಲ್ಲ, ನಿನಗೆ ಮೂಗಿದೆ, ಅದನ್ನು ಕಟ್ಟಿಹಾಕಿದ್ದು ನಾನು. ಹೇಳುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

ತಂಗಿ ಗ್ಲಾಸಿನ ಕಾಲನ್ನು ಬೆರಳಲ್ಲಿ ತಿರುಗಿಸಿದಳು. ಆಮೇಲೆ, "ಕರ್ಚೀಫು ಬಿಗಿಯಾಗಿ ಕಟ್ತಿದ್ದೆ ನೀನು," ಎಂದಳು.

"ಹೂಂ."

"ಅಮ್ಮ ಹೇಳಿದ್ದಕ್ಕಿಂತ ಬಿಗಿಯಾಗಿ."

ಅಮ್ಮ ನನ್ನನ್ನು ಬೈಯಬಹುದೆಂದು ಕಾಯುತ್ತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮಂಡಿ ಹಿಡಿದುಕೊಂಡು ಎದ್ದು ಹೋಗಿ ಪೆಟ್ಟಿಗೆಯಿಂದ ಎರಡು ಕೈ ತುಂಬ ಮೊಗ್ಗು ತಂದಳು. ಸಂಜೆ ದೇವಸ್ಥಾನಕ್ಕೆ ಹೋಗಬೇಕಾದ ದುಂಡು ಮಲ್ಲಿಗೆ. ತಂಗಿಯ ಮುಖಕ್ಕೆ ಹಿಡಿದಳು.

"ಮೂಸೇ."

"ಅಮ್ಮ, ಇದು ದೇವ್ರದ್ದು."

"ದೇವ್ರಿಗೆ ನಾನು ಹೇಳ್ಕೊಳ್ತೀನಿ. ನೀನು ಮೂಸು."

ತಂಗಿಯ ಉಸಿರು ಮೊದಲು ನಿಂತಿತು. ಅಮ್ಮ ಕೈ ಇಳಿಸಲಿಲ್ಲ. ಎಷ್ಟು ಹೊತ್ತು ಅಂತ ಒಬ್ಬರು ಉಸಿರು ಹಿಡಿದಿರಲು ಸಾಧ್ಯ, ಕೊನೆಗೆ ಅವಳ ಎದೆ ಒಂದೇ ಸಲಕ್ಕೆ ಏರಿತು, ನೀರಿನಿಂದ ಮೇಲೆ ಬಂದವರ ಹಾಗೆ. ಕಣ್ಣು ಮುಚ್ಚಿಕೊಂಡಳು. ಮತ್ತೆ ಎಳೆದುಕೊಂಡಳು. ಮತ್ತೆ. ಮೊಗ್ಗುಗಳು ಅಮ್ಮನ ಬೆರಳ ಸಂದಿಯಿಂದ ಅವಳ ಮಡಿಲಿಗೆ ಬಿದ್ದವು. ಆಮೇಲೆ ಯಾರೂ ಹೇಳದೆ ಗ್ಲಾಸಿಗೆ ಕೈ ಚಾಚಿದಳು. ಆ ಮಧ್ಯಾಹ್ನ ಅವಳು ಮನೆಯಲ್ಲಿದ್ದದ್ದನ್ನೆಲ್ಲ ಮೂಸಿದಳು. ಮೆಂತ್ಯ, ಇಂಗು, ಸೀಗೆಪುಡಿ, ಅಮ್ಮನ ಸೆರಗು. ಒಂದೊಂದನ್ನೂ ಮೂಸಿ ಮತ್ತೆ ವೈನಿಗೆ ಬರುತ್ತಿದ್ದಳು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಮಾಡಿಟ್ಟ ಕಾಫಿಯನ್ನು ಮುಟ್ಟದೆ ಹೋದಳು.

ಆ ಹೋಟೆಲಿನ ಬಾಗಿಲಲ್ಲಿ ಅಗಲ ಬಾಯಿಯ ಒಂದು ಹಿತ್ತಾಳೆ ಪಾತ್ರೆ, ಉರುಳಿ ಇದೆ. ಪ್ರತಿ ಸೋಮವಾರ ಅದರ ನೀರು ಬದಲಿಸಿ ಹೂವು ತೇಲಿಬಿಡುವ ಕೆಲಸವನ್ನು ಹಿಂದೆ ತಂಗಿಯೇ ನನಗೆ ಕೊಡಿಸಿದ್ದಳು. ಅವತ್ತು ಹೋಗುವುದೋ ಬೇಡವೋ ಎಂದು ಬಜಾರಿನಲ್ಲಿ ಬಹಳ ಹೊತ್ತು ಕೂತಿದ್ದೆ. ಕೊನೆಗೆ ಬುಟ್ಟಿ ಎತ್ತಿಕೊಂಡು ಹೋದೆ. ಹೋಟೆಲಿನ್ನೂ ತೆರೆದಿರಲಿಲ್ಲ. ಗಾಜಿನ ಬಾಗಿಲು ಅರ್ಧ ಸರಿಸಿತ್ತು. ಒಳಗೆ ಒಂದೇ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿ ಮ್ಯಾನೇಜರೂ ವೈನಿನ ಮೇಷ್ಟ್ರೂ ಕೂತಿದ್ದರು. ಮೇಷ್ಟ್ರು ವಯಸ್ಸಾದವರು, ವಿಜಯಪುರದ ಕಡೆಯ ಮಾತು. ತಂಗಿ ಎದುರಿಗೆ ನಿಂತಿದ್ದಳು. ನಾನು ಹೊರಗೆ ಉರುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬುಟ್ಟಿ ಬಿಚ್ಚಿದೆ.

ಐಸಿನ ಬಕೆಟ್ಟಿನಿಂದ ಬಾಟಲಿ ತೆಗೆದು ಗ್ಲಾಸಿಗೆ ಸುರಿದದ್ದು ಕಾಣಿಸಿತು. ತಂಗಿ ಗ್ಲಾಸಿನ ಹೊಟ್ಟೆಯನ್ನು ಎರಡು ಅಂಗೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಮ್ಯಾನೇಜರು ಕೈಗಡಿಯಾರ ನೋಡಿದರು.

"ಏನ್ ಕಾಯಾಕ್ಹತ್ತೀರಿ?" ಎಂದರು ಮೇಷ್ಟ್ರು.

"ಐಸಲ್ಲಿ ಜಾಸ್ತಿ ಹೊತ್ತು ಇದ್ದಂಗಿದೆ ಸರ್. ಈಗ ಮೂಸಿದ್ರೆ ಏನೂ ಸಿಗಲ್ಲ. ಸ್ವಲ್ಪ ಬೆಚ್ಚಗಾಗ್ಲಿ."

ಮೇಷ್ಟ್ರು ಮ್ಯಾನೇಜರ ಕಡೆ ತಿರುಗಿ ಹುಬ್ಬು ಎತ್ತಿದರು, ಬೇಸರಕ್ಕಲ್ಲ. "ಆಗ್ಲಿ ತಡೀರಿ," ಎಂದರು.

ಹೂವು ಬಿಡುವ ನನ್ನ ಕೈ ನಿಂತಿತ್ತು. ತಂಗಿ ಗ್ಲಾಸು ಎತ್ತಿದಳು. ನಾನು ಅವಳ ಭುಜವನ್ನೇ ನೋಡುತ್ತಿದ್ದೆ. ಭುಜ ಇಳಿದೇ ಇತ್ತು. ಎದೆ ತುಂಬ ಉಸಿರು ಎಳೆದುಕೊಂಡಳು, ಹೊರಗಿದ್ದ ನನಗೇ ಕೇಳಿಸುವಷ್ಟು.

"ಬೆಣ್ಣೆ ಇದೆ ಸರ್. ಹಸಿ ಬೆಣ್ಣೆ ಅಲ್ಲ, ಒಲೆ ಮೇಲಿರೋದು. ಅನಾನಸ್ ಇದೆ, ಹಣ್ಣಲ್ಲ, ಮಧ್ಯದ ದಿಂಡು. ಹುರಿದ ಕೊಬ್ಬರಿ ಇದೆ." ನಿಲ್ಲಿಸಿದಳು. ಮತ್ತೆ ಮೂಸಿದಳು. "ಮರ ಇದೆ. ಹೊಸ ಬಾಗಿಲು ನುಣ್ಣಗಾಗ್ಲಿ ಅಂತ ಬಡಗಿ ತೋಪಡ ಹೊಡೀತಾನಲ್ಲ, ಆ ವಾಸನೆ."

"ಹೊಸಾ ಮರದ್ದಲ್ಲವ್ವಾ," ಎಂದರು ಮೇಷ್ಟ್ರು. "ಪೀಪಾಯಿ ಒಳಗ ಬೆಂಕಿ ಹಿಡಿದು ಸುಟ್ಟಿರ್ತಾರ. ಇನ್ನೊಮ್ಮೆ ನೋಡ್ರಿ."

ಅವಳು ನಾಚಿಕೊಳ್ಳಲಿಲ್ಲ. ಮೂಸಿದಳು. "ಹೌದು ಸರ್. ಹೊಗೆ ಇದೆ. ನಂಗೆ ಗೊತ್ತಾಗ್ಲಿಲ್ಲ."

"ಮತ್ತೇನೈತಿ?"

"ಮಲ್ಲಿಗೆ ಬರ್ತಿದೆ," ಎಂದಳು. ಮ್ಯಾನೇಜರು ಮುಖ ಹುಳ್ಳಗೆ ಮಾಡಿದರು. ತಂಗಿ ತಿರುಗಿ ನೋಡದೆಯೇ ಹೇಳಿದಳು, "ಅದು ವೈನಿನದ್ದಲ್ಲ ಸರ್. ಹೊರಗೆ ನಮ್ಮಕ್ಕ ಬುಟ್ಟಿ ಬಿಚ್ಚಿದಾಳೆ. ಬಾಗಿಲು ಹಾಕಿಸ್ತೀರಾ?"

ಮೇಷ್ಟ್ರು ಜೋರಾಗಿ ನಕ್ಕರು. ಮ್ಯಾನೇಜರೇ ಎದ್ದು ಬಂದು ನನ್ನ ಮುಖದ ಮೇಲೆ ಬಾಗಿಲು ಎಳೆದರು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ಚೆನ್ನಾಗಿ ಆಚೆ ಹಾಕಿದ್ದಿಲ್ಲ. ಉರುಳಿಯ ಪಕ್ಕ ಒಬ್ಬಳೇ ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು, ಒದ್ದೆ ಕೈಯಲ್ಲೇ ಒರೆಸಿಕೊಂಡೆ.

ಮುಂದಿನದು ಗಾಜಿನಾಚೆಯ ಮೂಕಿ ಆಟ. ಇನ್ನೂ ಒಂದೆರಡು ಗ್ಲಾಸು ಬಂದವು. ಅವಳು ಒಮ್ಮೆ ತಲೆ ಆಡಿಸಿದಳು, ಒಮ್ಮೆ ಏನೋ ಗೊತ್ತಾಗದೆ ಕೈ ಚೆಲ್ಲಿದಳು. ಮೇಷ್ಟ್ರು ಬೆರಳು ತೋರಿಸಿ ಏನೋ ವಿವರಿಸಿದರು. ಅವಳು ಕೇಳಿಸಿಕೊಂಡಳು, ಮತ್ತೆ ಮೂಸಿದಳು. ಕೊನೆಗೆ ಅವರು ಎದ್ದು ನಿಂತರು. ಮ್ಯಾನೇಜರಿಗೆ ಒಂದು ಮಾತು ಹೇಳಿ, ತಂಗಿಯ ಕಡೆ ಕೈ ಚಾಚಿದರು. ಅವಳು ತನ್ನ ಕೈಯನ್ನು ಮೊದಲು ಏಪ್ರನ್ನಿಗೆ ಒರೆಸಿ ಆಮೇಲೆ ಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಗುಂಪು ಕಟ್ಟಿ ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದು ಗಾಜು ದಾಟಿ ನನಗೂ ಕೇಳಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ಕೈಯಲ್ಲಿ ಮೊದಲಿನ ಗ್ಲಾಸು, ತಳದಲ್ಲಿ ಎರಡು ಗುಟುಕು.

"ಕುಡಿ. ಈಗ ಸರಿಯಾಗಿದೆ."

"ಇಲ್ಲೇನಾ? ರಸ್ತೇಲಾ?"

"ನಿನ್ನನ್ನ ಯಾರು ನೋಡ್ತಾರೆ, ಕುಡಿ."

ಹೊಂಗೆ ಮರದ ಕೆಳಗೆ, ಹೂವಿನ ಬುಟ್ಟಿ ಕಾಲ ಸಂದಿಯಲ್ಲಿಟ್ಟುಕೊಂಡು ಕುಡಿದೆ. ಅಂಗೈ ಬಿಸಿಗೆ ಅದು ಪೂರ್ತಿ ಬಿಚ್ಚಿಕೊಂಡಿತ್ತು. ಬೆಣ್ಣೆ ಕರಗಿ ಹಿಂದೆ ಸರಿದಿತ್ತು, ಹಣ್ಣು ಜೇನಿನ ಕಡೆಗೆ ವಾಲಿತ್ತು, ಹುಳಿ ಈಗಲೂ ನೆಟ್ಟಗೆ ನಿಂತಿತ್ತು. ಮೇಷ್ಟ್ರು ಹೇಳಿದ ಹೊಗೆ ನನಗೂ ಸಿಕ್ಕಿತು, ನುಂಗಿದ ಮೇಲೆ, ಗಂಟಲಿನ ಹಿಂದೆ. ಹೇಳಿದೆ.

"ಅಷ್ಟು ತಡವಾಗಿ ಬರುತ್ತೆ ಅದು," ಎಂದಳು. ಆಮೇಲೆ ಗ್ಲಾಸು ಇಸಕೊಳ್ಳುತ್ತ, "ನಿನ್ನ ಮೇಲೆ ನಂಗೆ ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಇದು ಬೇರೆ, ಅದು ಬೇರೆ."

"ಆಯ್ತು," ಎಂದೆ. ಅಷ್ಟು ಸಿಕ್ಕಿದ್ದೇ ನನಗೆ ಹೆಚ್ಚು.

ಒಳಗಿನಿಂದ ಯಾರೋ, "ಮೇಡಂ, ಸಂಜೆ ಟೇಬಲ್‌ಗೆ ಯಾವ ಬಾಟ್ಲು ತೆಗೀಲಿ?" ಎಂದು ಕೂಗಿ ಕೇಳಿದರು. ಮೇಡಂ ಎಂದರೆ ಯಾರು ಎಂದು ತಂಗಿ ಒಂದು ಕ್ಷಣ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಬರ್ತೀನಿ, ನಾನು ಮೂಸಿ ನೋಡ್ಬೇಕು ಮೊದ್ಲು," ಎನ್ನುತ್ತ ಒಳಗೆ ಹೋದಳು.